ಜ್ವರ ಬಿಟ್ಟ ನೀರು

ಹೆಂಡತಿಯ ಕೈ ತಣ್ಣಗಿತ್ತು. ನಾನು ಖುಷಿಪಟ್ಟೆ.

ಮೂರು ವಾರಗಳ ಹಿಂದಿನ ಮಾತು. ಸೋಮವಾರ, ಮಧ್ಯಾಹ್ನ ಹನ್ನೆರಡು ಗಂಟೆ ಇರಬಹುದು. ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ ಶಕುಂತಲಾ ಗೋಡೆಗೆ ಒರಗಿ ಕೂತಿದ್ದಳು. ನಾಲ್ಕು ದಿನ ಕಾದ ಹಂಚಿನಂತೆ ಸುಡುತ್ತಿದ್ದ ಮೈ. ಈಗ ಮುಂಗೈ ಹಿಡಿದರೆ ನೀರಿನ ಕೊಡ ಮುಟ್ಟಿದಂತಿತ್ತು. "ನೋಡಕ್ಕ, ಮೈ ಹೆಂಗ ತಂಪಾಗೈತಿ" ಎಂದೆ. ಚಚಡಿಯಿಂದ ಬಂದಿದ್ದ ನನ್ನ ಅಕ್ಕ ಮುಟ್ಟಿ ನೋಡಿದಳು. ಅವಳೂ ಖುಷಿಪಟ್ಟಳು. ಇಬ್ಬರು ಬುದ್ಧಿವಂತರು ಆ ಎರಡು ಕೈಗಳನ್ನು ಒಂದೊಂದು ಹಂಚಿಕೊಂಡು ಹಿಡಿದು ಕೂತಿದ್ದೆವು. ಇಷ್ಟೊಂದು ತಣ್ಣಗೆ ಯಾಕಾಗಿದೆ ಎಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ.

ನಾನು ಕೇಳಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಪ್ರತಿ ವಾರ ಈ ಅಂಕಣ ಓದುವವರಿಗೆ ನನ್ನ ಹುಟ್ಟುಗುಣ ಗೊತ್ತಿದೆ. ಹಾಲು ಕಾಯಿಸುವ ಮೊದಲು ಮೂಸಿ ನೋಡುತ್ತೇನೆ. ಬೋರ್ಡಿನ ಮೇಲೆ ಸವದತ್ತಿ ಎಂದು ದೊಡ್ಡದಾಗಿ ಬರೆದಿದ್ದರೂ ಕಂಡಕ್ಟರನ್ನು ಎರಡು ಸಲ ಕೇಳಿ ಬಸ್ಸು ಹತ್ತುತ್ತೇನೆ. (ಎರಡನೆಯ ಸಲ ಕೇಳುವುದು, ಮೊದಲನೆಯ ಸಲ ಸುಳ್ಳು ಹೇಳಿದ್ದರೆ ಸಿಕ್ಕಿಬೀಳಲಿ ಎಂದು.) ಮದುವೆ ಕಾರ್ಡಿನಲ್ಲಿ ನನ್ನ ಹೆಸರು ಸರಿಯಾಗಿ ಬರೆದಿದ್ದರೆ, ಇವರಿಗೆ ನನ್ನಿಂದ ಏನೋ ಕೆಲಸ ಆಗಬೇಕಾಗಿದೆ ಎಂದುಕೊಳ್ಳುತ್ತೇನೆ.

ಹೊಟ್ಟೆಪಾಡೂ ಹಾಗೇ ಕೂಡಿಬಂದಿದೆ. ನಾನು ಹತ್ತಿ ನೋಡುವವನು. ಜಿನ್ನಿಂಗ್ ಫ್ಯಾಕ್ಟರಿಗೆ ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಬರುವ ಹತ್ತಿ ಎಂಥ ಮಾಲು ಎಂದು ಹೇಳುವುದು ನನ್ನ ಕೆಲಸ. ಮೇಲಿನ ಹತ್ತಿಯನ್ನು ನಾನು ನೋಡುವುದೇ ಇಲ್ಲ. ಅದು ತೋರಿಸಲಿಕ್ಕೆ ಇಟ್ಟದ್ದು. ಅಂಗಿಯ ತೋಳು ಮಡಚಿ, ಭುಜದ ತನಕ ಕೈ ಒಳಗೆ ತೂರಿಸಿ, ತಳದ ಹತ್ತಿ ಒಂದು ಹಿಡಿ ಕಿತ್ತು ತೆಗೆದು ಗಲ್ಲಕ್ಕೆ ಒತ್ತಿಕೊಳ್ಳುತ್ತೇನೆ. ಗಲ್ಲ ತಣ್ಣಗಾಯಿತೋ, ಮಾಲಿನಲ್ಲಿ ನೀರಿದೆ. ತೂಕ ಬರಲಿ ಎಂದು ಒಳಗೆ ನೀರು ಹೊಡೆದು, ಮೇಲೆ ಒಣ ಹತ್ತಿ ಹೊದಿಸಿ ತರುವ ಶಾಣ್ಯಾರು ನಮ್ಮ ಕಡೆ ಕಡಿಮೆಯೇನಿಲ್ಲ. ಇಪ್ಪತ್ತು ವರ್ಷದಿಂದ ನನಗೆ ತಣ್ಣಗಿನ ಹತ್ತಿ ಎಂದರೆ ಮೋಸ. ಆ ಸೋಮವಾರ ಮಾತ್ರ ತಣ್ಣಗಿನ ಕೈ ಎಂದರೆ ಗುಣ ಎಂದು ತಿಳಿದೆ.

ಮೊದಲಿನಿಂದ ಹೇಳುತ್ತೇನೆ.

ದೀಪಾವಳಿ ಮುಗಿದು ಮೂರು ವಾರ. ಫ್ಯಾಕ್ಟರಿಗೆ ಹತ್ತಿ ಬರಲು ಶುರುವಾಗಿತ್ತು. ಶಕುಂತಲಾ ಸಂಗೊಳ್ಳಿಯಲ್ಲಿ ಟೀಚರ್. ದಿನಾ ಬಸ್ಸಿನಲ್ಲಿ ಹೋಗಿ ಬರುವವಳು. ಬುಧವಾರ ಸಂಜೆ ಸಾಲಿಯಿಂದ ಬಂದವಳು ಚಪ್ಪಲಿ ಬಿಡುವಾಗಲೇ ಗೋಡೆ ಹಿಡಿದುಕೊಂಡಳು. ಜ್ವರ. ಕಣ್ಣಿನ ಹಿಂದೆ ನೋವು, ಸೊಂಟ ಮುರಿದಂಥ ನೋವು. ನಾನು ತಕ್ಷಣ ಅಪರಾಧಿಯನ್ನು ಪತ್ತೆ ಹಚ್ಚಿದೆ. ನಮ್ಮ ಓಣಿಯ ಗಟಾರ! ಅದರ ಸೊಳ್ಳೆ ಬಗ್ಗೆ ಪುರಸಭೆಗೆ ನಾನು ಕೊಟ್ಟ ಅರ್ಜಿಗಳನ್ನು ಒಂದರ ಮೇಲೊಂದು ಇಟ್ಟರೆ ಕೂರಲು ಒಂದು ಮಣೆಯಾದೀತು.

ಮಾರನೆಯ ದಿನ ಆಸ್ಪತ್ರೆಗೆ ಒಯ್ದೆ. ಅಲ್ಲಿ ಒಬ್ಬ ಹೊಸ ಡಾಕ್ಟರ್. ರಾಮದುರ್ಗದ ಕಡೆಯ ಹುಡುಗಿ, ಮೂವತ್ತು ದಾಟಿರಲಿಕ್ಕಿಲ್ಲ. ನಾಡಿ ಹಿಡಿದಳು, ಹೊಟ್ಟೆ ಒತ್ತಿದಳು, ತೋಳಿಗೆ ಬಿಪಿ ಪಟ್ಟಿ ಬಿಗಿದು ಐದು ನಿಮಿಷ ಹಾಗೇ ಬಿಟ್ಟಳು. ಪಟ್ಟಿ ಬಿಚ್ಚಿದಾಗ ಚರ್ಮದ ಮೇಲೆ ಸಾಸಿವೆ ಚೆಲ್ಲಿದಂತೆ ಕೆಂಪು ಚುಕ್ಕೆ. "ಡೆಂಗ್ಯೂ ಇರಬಹುದ್ರಿ. ಇಲ್ಲೇ ಇರ್ಲಿ" ಎಂದಳು. ಆಮೇಲೆ ಕೇಳಿದಳು, "ಹಿಂದ ಯಾವಾಗರ ಇಂಥಾ ಜ್ವರಾ ಬಂದಿತ್ತೇನ್ರಿ?"

"ಬಂದಿತ್ರಿ ಬಾಯಾರ. ಎರಡ ವರ್ಷದ ಹಿಂದ ಇಡೀ ಓಣಿಗೆ ಬಂದಿತ್ತು. ನಾಕ ದಿನದಾಗ ಎದ್ದು ಸಾಲಿಗೆ ಹೋದ್ಳು" ಎಂದೆ, ಹೆಮ್ಮೆಯಿಂದ. ಒಮ್ಮೆ ಗೆದ್ದ ಕುಸ್ತಿ. ಎರಡನೆಯ ಸಲ ಸುಲಭ ಅಲ್ಲವೇ?

ಡಾಕ್ಟರ ಮುಖ ಗಂಭೀರವಾಯಿತು. "ಹಂಗಿದ್ರ ಇನ್ನೂ ಹುಷಾರಾಗಿ ನೋಡಬೇಕಾಗತೈತ್ರಿ."

ಅಲ್ಲಿ ನನ್ನ ಕಿವಿ ನೆಟ್ಟಗಾಯಿತು. ಮೊದಲು ಬಂದಿದ್ದರೆ ಹೆಚ್ಚು ಹುಷಾರೇ? ಬಂದಿಲ್ಲ ಎಂದಿದ್ದರೆ ಏನು ಹೇಳುತ್ತಿದ್ದಳು? ಆಗಲೂ ಹುಷಾರೇ ತಾನೇ? ಯಾವ ಉತ್ತರ ಕೊಟ್ಟರೂ ಅಡ್ಮಿಟ್ ಆಗುವ ಪ್ರಶ್ನೆ ಇದು ಎಂದುಕೊಂಡೆ.

ನನ್ನ ಕಡೆಯಿಂದಲೂ ಒಂದು ಮಾತು ಹೇಳಬೇಕು. ತೊಂಬತ್ತರ ದಶಕದ ಶುರುವಿನಲ್ಲಿ ನಮ್ಮ ಅಪ್ಪನಿಗೆ ಎದೆ ಉರಿ ಎಂದು ಬೇರೆ ಊರಿನ ಒಂದು ದವಾಖಾನೆಗೆ ಒಯ್ದಿದ್ದೆ. ಅಲ್ಲಿನ ಡಾಕ್ಟರು ಹೀಗೇ ಗಂಭೀರ ಮುಖ ಮಾಡಿ ಎಂಟು ದಿನ ಮಲಗಿಸಿದರು. ಒಂಬತ್ತನೆಯ ದಿನ ಕಂಪೌಂಡರ್ ನನ್ನನ್ನು ಬದಿಗೆ ಕರೆದು, "ಬರೇ ಗ್ಯಾಸ್ ಆಗಿತ್ರಿ" ಎಂದ. ಎಂಟು ದಿನ ಅಪ್ಪ ಸಾಯುತ್ತಾರೆ ಎಂದು ನಾನು ಅಂಜಿ ಅಂಜಿ ಕೂತಿದ್ದೆ, ಗ್ಯಾಸಿಗೆ! ಆ ಗಂಭೀರ ಮುಖ ನನ್ನ ತಲೆಯಲ್ಲಿ ಅಚ್ಚೊತ್ತಿದೆ. ಯಾವ ಡಾಕ್ಟರು ಹುಬ್ಬು ಗಂಟಿಕ್ಕಿದರೂ ನನಗೆ ಕಾಣುವುದು ಆ ಮನುಷ್ಯನೇ.

ಹೀಗಾಗಿ ರಾಮದುರ್ಗದ ಈ ಹುಡುಗಿ ಏನು ಮಾಡಿದರೂ ನಾನು ಕೈ ಒಳಗೆ ತೂರಿಸಿ ನೋಡತೊಡಗಿದೆ. ದಿನಕ್ಕೆ ಮೂರು ಸಲ ರಕ್ತ ತೆಗೆಸಿದಳು. "ರಕ್ತದಾಗ ಕಣಾ ಕಡಿಮಿ ಆಗ್ಯಾವು" ಎಂದೂ ಅವಳೇ ಹೇಳುವುದು. ಕಡಿಮೆಯಾದದ್ದನ್ನು ಮತ್ತೆ ಯಾಕಮ್ಮ ತೆಗೆಯುತ್ತೀ? ಇನ್ನು ಸಲಾಯಿನ್. ನಮ್ಮ ಕಡೆ ಮಂದಿಗೆ ಬಾಟಲಿ ನೇತುಹಾಕಿ ಜೋರಾಗಿ ಬಿಟ್ಟರೇನೇ ಸಮಾಧಾನ. ಇವಳು ಹನಿ ಎಣಿಸಿ ಬಿಡಿಸುತ್ತಾಳೆ, ಗಂಟೆಗೊಮ್ಮೆ ಬಂದು ಕೊಳವೆಯ ಮೇಲಿನ ಗಾಲಿ ತಿರುವಿ ಇನ್ನೂ ಕಡಿಮೆ ಮಾಡುತ್ತಾಳೆ. "ಇನ್ನೊಂದ ಬಾಟ್ಲಿ ಹಚ್ಚ್ರಲಾ, ಲಗೂ ಶಕ್ತಿ ಬರ್ಲಿ" ಎಂದರೆ, "ಹೆಚ್ಚಾದ್ರೂ ತ್ರಾಸ ಐತ್ರಿ ಸರ್" ಎನ್ನುತ್ತಾಳೆ. ಕಡಿಮೆಯಾದರೂ ತ್ರಾಸ, ಹೆಚ್ಚಾದರೂ ತ್ರಾಸ. ಇದೆಂಥ ವೈದ್ಯ?

ಸೋಮವಾರ ಬೆಳಿಗ್ಗೆ ಜ್ವರ ಇಳಿಯಿತು. ಥರ್ಮಾಮೀಟರ್ ನಾನೇ ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ನೋಡಿದೆ. ನಾರ್ಮಲ್. ಅಷ್ಟರಲ್ಲಿ ಚಚಡಿಯಿಂದ ಅಕ್ಕ ಬಂದಳು. ಕೈಯಲ್ಲಿ ಬೇವಿನ ಸೊಪ್ಪಿನ ಹೊರೆ, ಡಬ್ಬಿಯಲ್ಲಿ ಜೋಳದ ನುಚ್ಚು.

ನಮ್ಮ ಮನೆಯಲ್ಲಿ ದೊಡ್ಡ ಜ್ವರ ಬಂದು ಇಳಿದರೆ ಒಂದು ಪದ್ಧತಿ ಇದೆ. ಬೇವಿನ ಸೊಪ್ಪು ಹಾಕಿ ನೀರು ಕಾಯಿಸಿ, ಮನೆಯ ಹಿರಿಯ ಹೆಣ್ಣುಮಗಳು ತಲೆಯ ಮೇಲೆ ಹಾಕಬೇಕು. ಅದಕ್ಕೆ ಜ್ವರ ಬಿಟ್ಟ ನೀರು ಎನ್ನುತ್ತಾರೆ. ಆಮೇಲೆ ಮಜ್ಜಿಗೆ ನುಚ್ಚು ಉಣ್ಣಿಸಿದರೆ ಜ್ವರದ ಲೆಕ್ಕ ಮುಗಿಯಿತು. ಆ ನೀರು ಬೀಳುವವರೆಗೆ ಮನುಷ್ಯ ರೋಗಿ, ಬಿದ್ದ ಮೇಲೆ ಮನೆಯವನು.

"ಇವತ್ತ ಹಾಕಬೇಕು" ಎಂದಳು ಅಕ್ಕ. "ನಾಳೆ ಮಂಗಳವಾರ, ತಲಿಗೆ ನೀರ ಹಾಕಬಾರ್ದು. ನಾಡದ ಅಮಾಸಿ. ಇವತ್ತ ಬಿಟ್ರ ಮತ್ತ ಗುರುವಾರನ."

ಡಾಕ್ಟರಿಗೆ ಹೇಳಿದೆ. ಬೇಡವೇ ಬೇಡ ಎಂದಳು. "ಜ್ವರಾ ಇಳದೈತಿ ಅಂತನ ನಾ ಬ್ಯಾಡ ಅನ್ನಾಕತ್ತೇನಿ ಸರ್. ಇವತ್ತ, ನಾಳೆ, ಈ ಎರಡ ದಿನಾ ದಾಟಬೇಕು. ಅಂಜಿಕಿ ಇರೂದ ಈಗ."

ಈಗ ನೀವೇ ಹೇಳಿ. ಜ್ವರ ಇದ್ದಾಗ ಅಂಜಿಕೆ ಎಂದರೆ ಅರ್ಥ ಆಗುತ್ತದೆ. ಜ್ವರ ಹೋದದ್ದಕ್ಕೆ ಅಂಜಿಕೆ ಎನ್ನುವ ಡಾಕ್ಟರನ್ನು ನೀವು ಯಾವತ್ತಾದರೂ ಕಂಡಿದ್ದೀರಾ? ಅಪ್ಪನ ಎಂಟು ದಿನ ಕಣ್ಣ ಮುಂದೆ ಬಂತು. ಸಿಕ್ಕಿಬಿದ್ದೆಯಲ್ಲ ತಾಯಿ, ಎಂದುಕೊಂಡೆ. ಇಪ್ಪತ್ತು ವರ್ಷ ಹತ್ತಿ ನೋಡಿದ ಹೆಮ್ಮೆ ಎದೆಯಲ್ಲಿ ಉಬ್ಬಿತು. "ನಮ್ಮ ಜವಾಬ್ದಾರಿ ಮ್ಯಾಲೆ ಒಯ್ತೇವ್ರಿ" ಎಂದೆ. ಕಾಗದ ತಂದಳು. ಓದಿದೆ. (ಎರಡು ಸಲ.) ಸಹಿ ಮಾಡಿದೆ.

ಅವಳು ಜಗಳ ಆಡಲಿಲ್ಲ. ಕಾಗದದ ಹಿಂದೆ ಏನೋ ಬರೆದುಕೊಟ್ಟಳು. "ಹೊಟ್ಟಿ ನೋವು, ವಾಂತಿ, ಕೈಕಾಲು ತಣ್ಣಗಾಗೂದು, ಇದರಾಗ ಒಂದ ಕಂಡ್ರೂ ತಿರಿಗಿ ಕರ್ಕೊಂಡ ಬರ್ರಿ" ಎಂದಳು. ಮಡಚಿ ಜೇಬಿನಲ್ಲಿ ಇಟ್ಟುಕೊಂಡೆ. ಮೋಸ ಮಾಡುವವರು ಕೊನೆಯಲ್ಲೂ ಒಂದು ಗಾಳ ಬಿಟ್ಟೇ ಕಳಿಸುತ್ತಾರೆ ಎಂದು ಆಟೋದಲ್ಲಿ ಅಕ್ಕನಿಗೆ ವಿವರಿಸಿದೆ. ಶಕುಂತಲಾ ನಮ್ಮಿಬ್ಬರ ನಡುವೆ ಕಣ್ಣು ಮುಚ್ಚಿ ಕೂತಿದ್ದಳು.

ಮನೆಗೆ ಬಂದು ಪಡಸಾಲೆಯಲ್ಲಿ ಕೂತ ಮೇಲೆ, ಸಣ್ಣ ದನಿಯಲ್ಲಿ "ಹೊಟ್ಟಿ ನೋಯಾಕತ್ತೈತ್ರಿ" ಎಂದಳು.

ಅಕ್ಕ ಒಳಗಿನಿಂದ, "ಐದ ದಿನಾ ಏನೂ ಉಂಡಿಲ್ಲ, ನೋಯೂದಿಲ್ಲೇನ ಮತ್ತ? ನುಚ್ಚ ಉಂಡ್ರ ಹೋಗತೈತಿ" ಎಂದಳು.

ನಾನು ಏನು ಎಂದುಕೊಂಡೆ ಗೊತ್ತೇ? ಬರೆಯಲು ನಾಚಿಕೆಯಾಗುತ್ತದೆ. ಆ ಡಾಕ್ಟರ್ ಹೊಟ್ಟೆನೋವು ಎಂದದ್ದನ್ನು ಇವಳು ಕೇಳಿಸಿಕೊಂಡಿದ್ದಾಳೆ, ಅದಕ್ಕೇ ಹೊಟ್ಟೆ ನೋಯುತ್ತಿದೆ ಎಂದುಕೊಂಡೆ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಹೆಂಡತಿಯನ್ನು ನೀರು ಹೊಡೆದ ಮಾಲಿನಂತೆ ನೋಡಿದೆ. ಆಮೇಲೆ ಕೈ ಹಿಡಿದೆ. ತಣ್ಣಗಿತ್ತು. ಖುಷಿಪಟ್ಟೆ.

ಬಚ್ಚಲಿನಲ್ಲಿ ಅಕ್ಕ ಮೂರು ತಂಬಿಗೆ ಹಾಕಿದಳಂತೆ. ನಾಲ್ಕನೆಯದು ಎತ್ತುವಷ್ಟರಲ್ಲಿ ಶಕುಂತಲಾ ಎದ್ದು ನಿಲ್ಲಲು ಹೋಗಿ ಗೋಡೆಗುಂಟ ಜಾರಿದಳು. ಅಕ್ಕ ಕೂಗಿದ ಕೂಗಿಗೆ ಪಕ್ಕದ ಮನೆಯವರೂ ಓಡಿ ಬಂದರು. ಅವಳ ತುಟಿ ಬೂದಿಯ ಬಣ್ಣ. ಬಿಸಿನೀರು ಬಿದ್ದ ಮೈ, ಬೆರಳುಗಳು ಮಾತ್ರ ಕೊರೆಯುವಷ್ಟು ತಣ್ಣಗೆ. ನಾಡಿ ಹುಡುಕಿದೆ. ಸಿಗಲಿಲ್ಲ. ಇಪ್ಪತ್ತು ವರ್ಷ ಹತ್ತಿಯ ರಾಶಿಯ ತಳ ಹುಡುಕಿದ ಈ ಬೆರಳುಗಳಿಗೆ ಹೆಂಡತಿಯ ನಾಡಿ ಸಿಗಲಿಲ್ಲ.

ಆಟೋದಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ನಾನು ಯಾರ ಮೇಲೂ ಸಂಶಯ ಪಡಲಿಲ್ಲ. ಆಟೋದವನು ಯಾವ ರಸ್ತೆ ಹಿಡಿದ ಎಂದು ಕೂಡ ನೋಡಲಿಲ್ಲ.

ಡಾಕ್ಟರು ಬಾಗಿಲಲ್ಲೇ ನಮ್ಮನ್ನು ಕಂಡಳು. "ನಾ ಹೇಳಿರಲಿಲ್ಲೇನ್ರಿ?" ಎಂದು ಅವಳು ಕೇಳುತ್ತಾಳೆ ಎಂದು ಕಾದೆ. ಕೇಳಲಿಲ್ಲ. ಎರಡೂ ಕೈಗೆ ಸೂಜಿ ಹಾಕಿ ಸಲಾಯಿನ್ ಬಿಟ್ಟಳು. ಈಗ ಜೋರಾಗಿಯೇ. ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಳು. ಹದಿನೈದು ನಿಮಿಷಕ್ಕೊಮ್ಮೆ ಬಿಪಿ. ಮತ್ತೆ ರಕ್ತ. ನಾನೇ ಓಡಿ ಲ್ಯಾಬಿಗೆ ಕೊಟ್ಟು ಬಂದೆ. "ಬೆಳಗಾವಿಗೆ ಒಯ್ಯೂನೇನ್ರಿ?" ಎಂದೆ. "ಈಗ ಗಾಡ್ಯಾಗ ಹಾಕಿದ್ರ ದಾರ್ಯಾಗ ಕಳಕೊಂತೀರಿ" ಎಂದಳು, ತಲೆ ಎತ್ತದೆ.

ಮೊದಲ ಬಾರಿಗೆ ನಾನು ಆ ಮುಖವನ್ನು ಸರಿಯಾಗಿ ನೋಡಿದೆ. ಅಪ್ಪನ ಡಾಕ್ಟರಿಗೂ ಇವಳಿಗೂ ಒಂದೇ ಒಂದು ಹೋಲಿಕೆ ಇರಲಿಲ್ಲ.

ಸಂಜೆ ಆರರ ಹೊತ್ತಿಗೆ ಶಕುಂತಲಾ ಕಣ್ಣು ತೆರೆದು ನೀರು ಕೇಳಿದಳು. ನಾಡಿ ಬೆರಳಿಗೆ ಸಿಗುತ್ತಿತ್ತು. ಡಾಕ್ಟರು ಸಲಾಯಿನ್ನಿನ ಗಾಲಿ ತಿರುವಿ ಮತ್ತೆ ಹನಿ ಕಡಿಮೆ ಮಾಡಿದಳು. ಈ ಸಲ ನಾನು ಜಗಳ ತೆಗೆಯಲಿಲ್ಲ. ಕೇಳಿದೆ, ಅಷ್ಟೇ: "ಜ್ವರಾ ಹೋಗಿತ್ತಲ್ರಿ ಬಾಯಾರ. ಹೋದ ಮ್ಯಾಲೆ ಇದೆಲ್ಲಿಂದ ಬಂತು?"

ಅವಳು ಅವತ್ತು ಮೊದಲ ಸಲ ಬೆನ್ನು ನೆಟ್ಟಗೆ ಮಾಡಿದಳು. "ನಿಮ್ಮ ಮನ್ಯಾಗ ಕಳ್ಳ ಹೊಕ್ಕಾನ ಅನ್ಕೋರಿ. ಓಣಿ ಮಂದಿ ಬಡಿಗಿ ತಗೊಂಡ ಬಂದ್ರು. ಕಳ್ಳ ಓಡಿ ಹೋದ. ಮಂದಿಗೆ ಅದು ತಿಳೀವಲ್ದು. ಕತ್ತಲ್ಯಾಗ ಇನ್ನೂ ಬಡಿಗಿ ಬೀಸಾಕತ್ತಾರ. ಗಡಗಿ ಒಡೀತಾವ, ಗೋಡಿ ಬಿರಕ ಬಿಡತಾವ. ಮೈಯಾಗೂ ಇದ ಆಗೂದ್ರಿ. ಜ್ವರಾ ಇಳಿಯೂ ಹೊತ್ತಿಗೆ ವೈರಸ್ ಬಹುತೇಕ ಹೋಗಿರತೈತಿ. ಅದರ ಜೋಡಿ ಬಡದಾಡಾಕ ಎದ್ದ ಮೈಯಿನ ಸಿಟ್ಟು ಹೋಗಿರೂದಿಲ್ಲ. ಆ ಸಿಟ್ಟಿಗೆ ರಕ್ತನಾಳ ಸಡ್ಲ ಆಗತಾವ, ರಕ್ತದಾಗಿನ ನೀರು ಹೊಟ್ಟ್ಯಾಗ, ಎದಿಯಾಗ ಸೋರತೈತಿ. ಉಳದ ರಕ್ತ ಗಟ್ಟಿ ಆಗತೈತಿ. ಅದನ್ನ ನೋಡಾಕ ನಾ ಮೂರ ಮೂರ ಸಲ ರಕ್ತಾ ತಗಿಸೂದು."

"ಮತ್ತ ಸಲಾಯಿನ್ನು?"

"ಸೋರಿದ್ದ ನೀರು ಎರಡ ದಿನದಾಗ ತಿರುಗಿ ರಕ್ತಕ್ಕ ಬರತೈತ್ರಿ. ಆಗ ನಾವು ಮೊದ್ಲ ತುಂಬಿಸಿ ಇಟ್ಟಿದ್ರ ಉಸರಾಡಾಕ ತ್ರಾಸ ಆಗತೈತಿ. ಅದಕ ಹನಿ ಎಣಸೂದು."

ಹಿಂದೆ ಜ್ವರ ಬಂದದ್ದನ್ನು ಯಾಕೆ ಕೇಳಿದಿರಿ ಎಂದೆ. ಈ ಜ್ವರದಲ್ಲಿ ನಾಲ್ಕು ಜಾತಿ ಇವೆಯಂತೆ. ಮೊದಲು ಬಂದ ಜಾತಿಯ ಗುರುತನ್ನು ಮೈ ನೆನಪಿಟ್ಟುಕೊಳ್ಳುತ್ತದೆ. ಎರಡನೆಯ ಸಲ ಬೇರೆ ಜಾತಿ ಬಂದರೂ, ಇದು ಅದೇ ಹಳೆಯ ವೈರಿ ಎಂದು ಹಳೆಯ ಆಯುಧ ಹಿಡಿದು ಏಳುತ್ತದೆ. ಆ ಆಯುಧ ಹೊಸಬನಿಗೆ ತಾಗುವುದಿಲ್ಲ, ಉಲ್ಟಾ ಅವನಿಗೇ ಜೀವಕೋಶದ ಬಾಗಿಲು ತೆರೆದು ಕೊಡುತ್ತದೆ. ರೋಗ ಜೋರಾಗುತ್ತದೆ, ಮೈಯ ಸಿಟ್ಟು ಇನ್ನೂ ಜೋರಾಗುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ, ಆದರೆ ಆಗುವವರು ಯಾರು ಎಂದು ಮೊದಲೇ ಗೊತ್ತಾಗುವುದಿಲ್ಲ, ಅದಕ್ಕೇ ಎರಡು ದಿನ ಕಾಯುವುದು ಎಂದಳು.

ಹಳೆಯ ವೈರಿಯ ಮುಖ ನೆನಪಿಟ್ಟುಕೊಂಡು, ಹೊಸದಾಗಿ ಬಂದವರನ್ನೆಲ್ಲ ಅದೇ ಎಂದು ಬಡಿಗೆ ಎತ್ತುವುದು ಮೈಗೆ ಮಾತ್ರ ಬರುವ ವಿದ್ಯೆಯೇ? ಗಂಡಸಿನ ತಲೆಗೂ ಬರುತ್ತದೆ. ನನಗೆ ಅದು ಅಪ್ಪನ ಆ ಎಂಟು ದಿನಗಳಲ್ಲೇ ಬಂದಿತ್ತು.

ಸಂಶಯ ಬೇಡ ಎಂದು ನಾನು ಹೇಳುತ್ತಿಲ್ಲ. ಅದಿಲ್ಲದಿದ್ದರೆ ಫ್ಯಾಕ್ಟರಿಗೆ ಒಂದು ಹಿಡಿ ಒಣ ಹತ್ತಿಯೂ ಬರಲಿಕ್ಕಿಲ್ಲ. ಮೈಗೂ ಸಂಶಯ ಬೇಕು, ಇಲ್ಲದಿದ್ದರೆ ನೆಗಡಿಗೇ ಸಾಯುತ್ತೇವೆ. ಆದರೆ ಕೈ ತೂರಿಸಬೇಕಾದ ಕಡೆ ತೂರಿಸಿದೆನೇ ನಾನು? ಡಾಕ್ಟರ ಮಾತಿನ ತಳದ ತನಕ ಹುಡುಕಿದೆ. ಜ್ವರ ಇಳಿದದ್ದನ್ನು ಮಾತ್ರ ಮೇಲೆ ಮೇಲೆ ಮುಟ್ಟಿ ನಂಬಿದೆ. ಮೇಲೆ ಒಣ ಹತ್ತಿ, ಒಳಗೆ ನೀರು. ಇದಕ್ಕಿಂತ ಚೆನ್ನಾಗಿ ಹೊದಿಸಿದ ಮಾಲು ನನ್ನ ಕೈಗೆ ಇದುವರೆಗೆ ಬಂದಿರಲಿಲ್ಲ.

ಎಂಟನೆಯ ದಿನ ಡಾಕ್ಟರು "ಇನ್ನ ಮನಿಗೆ ಹೋಗ್ರಿ" ಎಂದಳು. "ಯಾಕ್ರಿ, ಇಷ್ಟ ಲಗೂ?" ಎಂದು ಕೇಳಿಬಿಟ್ಟೆ. ನರ್ಸ್ ನಕ್ಕಳು. ಡಾಕ್ಟರೂ ನಕ್ಕಳು. ಹುಟ್ಟುಗುಣ ನೋಡಿ, ಕಡೆ ಬದಲಾಯಿಸಿತ್ತು, ಬಿಟ್ಟಿರಲಿಲ್ಲ.

ಇನ್ನೊಂದು ಉಳಿದಿದೆ. ಹೋದ ವಾರ ಆರೋಗ್ಯ ಇಲಾಖೆಯವರು ಓಣಿಗೆ ಬಂದರು. ನಾನು ಗಟಾರ ತೋರಿಸಲು ತುದಿಗಾಲಲ್ಲಿ ನಿಂತಿದ್ದೆ. ಅವರು ಗಟಾರದ ಕಡೆ ತಿರುಗಿಯೂ ನೋಡದೆ ನಮ್ಮ ಹಿತ್ತಲಿಗೆ ಬಂದರು. ನಲ್ಲಿ ನೀರು ಎಂಟು ದಿನಕ್ಕೊಮ್ಮೆ ಬರುವ ಊರಿದು, ಎಲ್ಲರ ಮನೆಯಲ್ಲೂ ಬ್ಯಾರೆಲ್ ಇರುತ್ತದೆ. ನಮ್ಮದರ ಮೇಲೆ ಹೊದಿಸಿದ್ದ ಗೋಣಿಚೀಲ ಸರಿಸಿ ಬ್ಯಾಟರಿ ಬಿಟ್ಟರು. ತಿಳಿನೀರಿನಲ್ಲಿ ಸೊಳ್ಳೆಯ ಮರಿಗಳು ಕುಣಿಯುತ್ತಿದ್ದವು. ಈ ಸೊಳ್ಳೆ ಗಟಾರದಲ್ಲಿ ಬೆಳೆಯುವುದಿಲ್ಲವಂತೆ, ಅದಕ್ಕೆ ಚೊಕ್ಕ ನೀರೇ ಬೇಕಂತೆ. (ಪುರಸಭೆಯವರಲ್ಲಿ ಕ್ಷಮೆ ಕೇಳುವುದಿಲ್ಲ. ಗಟಾರ ಗಬ್ಬು ನಾರುವುದು ಸುಳ್ಳಲ್ಲ.)

ಬ್ಯಾರೆಲ್ ಬೋರಲು ಹಾಕಿ, ತಿಕ್ಕಿ ತೊಳೆದು ಒಳಗೆ ಬಂದೆ. ಶಕುಂತಲಾ ಪಡಸಾಲೆಯಲ್ಲಿ ಅದೇ ಗೋಡೆಗೆ ಒರಗಿ ಸಾಲಿಯ ಮಕ್ಕಳು ಕಳಿಸಿದ್ದ ಪತ್ರಗಳನ್ನು ತಿದ್ದುತ್ತಿದ್ದಳು. "ಬಾಯಾರ ಲಗೂ ಬರ್ರಿ" ಎಂದು ಬರೆದ ಪತ್ರದಲ್ಲೂ ಕೆಂಪು ಪೆನ್ನಿನಿಂದ ಒಂದು ಒತ್ತಕ್ಷರ ಸರಿ ಮಾಡಿದಳು. ಕೈ ಹಿಡಿದು ನೋಡಿದೆ. ಬೆಚ್ಚಗಿತ್ತು.

ಇಷ್ಟು ದಿನ ಕೇಳದೆ ಉಳಿಸಿಕೊಂಡಿದ್ದನ್ನು ಕೇಳಿದೆ. "ಅವತ್ತ ಹೊಟ್ಟಿ ಅಷ್ಟ ನೋಯಾಕತ್ತಿತ್ತು, ಒಂದ ಸಲ ಹೇಳಿ ಯಾಕ ಸುಮ್ಮನಾದಿ? ಇನ್ನೊಮ್ಮೆ ಜೋರಾಗಿ ಹೇಳಬಾರ್ದಾಗಿತ್ತೇನ?"

ಅವಳು ಪೆನ್ನಿನ ಮುಚ್ಚಳ ಹಾಕಿದಳು. ನನ್ನ ಮುಖ ನೋಡಿದಳು.

"ಹೇಳಿದ್ರ ನೀವು ನಂಬ್ತಿದ್ರೇನ್ರಿ?"